ಮಿಶ್ರ ಮಾಧ್ಯಮದ ಆಧುನಿಕ ಕಲಾಕೃತಿಗಳ ಸಂರಕ್ಷಣೆ ಮತ್ತು ದುರಸ್ತಿ: ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಮನೆ, ಶಾಲೆ, ಸಂಘ-ಸಂಸ್ಥೆ ಮತ್ತು ಕಚೇರಿಗಳಲ್ಲಿರುವ ಆಧುನಿಕ ಕಲಾಕೃತಿಗಳು ಹಾನಿಗೊಂಡಾಗ ಏನು ಮಾಡಬೇಕು, ಏನು ಮಾಡಬಾರದು ಮತ್ತು ಪರಿಣತರ ನೆರವನ್ನು ಹೇಗೆ ಕೋರಬೇಕು ಎಂಬ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ದುರಸ್ತಿಗಾಗಿ ಪತ್ರ ಬರೆಯುವ ಮುನ್ನ ಮಾಲೀಕರು ಇದನ್ನು ಪೂರ್ಣವಾಗಿ ಓದುವುದು ಸೂಕ್ತ. ಒಳ್ಳೆಯ ಉದ್ದೇಶದಿಂದ ಮನೆಯಲ್ಲೇ ಕೈಗೊಂಡ ದುರಸ್ತಿಯು ಅನೇಕ ಸಂದರ್ಭಗಳಲ್ಲಿ ಮೂಲ ಹಾನಿಗಿಂತ ಹೆಚ್ಚಿನ ಹಾನಿಯನ್ನು ಉಂಟುಮಾಡುತ್ತದೆ, ಮತ್ತು ಅದನ್ನು ಸರಿಪಡಿಸುವುದು ಪರಿಣತರಿಗೂ ಕಷ್ಟವಾಗುತ್ತದೆ.

ಮಿಶ್ರ ಮಾಧ್ಯಮ ಎಂದರೇನು?

ಒಂದೇ ಕಲಾಕೃತಿಯಲ್ಲಿ ಎರಡು ಅಥವಾ ಹೆಚ್ಚು ಬಗೆಯ ವಸ್ತುಗಳನ್ನು ಕೂಡಿಸಿ ರಚಿಸಿದ್ದಲ್ಲಿ ಅದನ್ನು ಮಿಶ್ರ ಮಾಧ್ಯಮದ ಕೃತಿ ಎನ್ನಲಾಗುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಗೋಣಿಬಟ್ಟೆ ಅಂಟಿಸಿ, ಅದಕ್ಕೆ ಅಕ್ರಿಲಿಕ್ ಬಣ್ಣ ಬಳಿದು, ನಡುವೆ ವೃತ್ತಪತ್ರಿಕೆಯ ತುಣುಕು, ತಾಮ್ರದ ತಂತಿ, ಅಡಿಕೆ ಹಾಳೆ, ತೆಂಗಿನ ನಾರು, ಸಮುದ್ರದ ಚಿಪ್ಪು ಅಥವಾ ಹಳೆಯ ಮೀನುಬಲೆಯನ್ನು ಜೋಡಿಸಿರುವ ಕೃತಿ ಇದಕ್ಕೆ ಉದಾಹರಣೆ. ಛಾಯಾಚಿತ್ರದ ಮೇಲೆ ಬಣ್ಣ ಬಳಿದ ಕೃತಿಗಳೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಕಬ್ಬಿಣದ ಸರಳುಗಳನ್ನು ಕೂಡಿಸಿದ ಶಿಲ್ಪಗಳೂ ಇದೇ ವರ್ಗಕ್ಕೆ ಸೇರುತ್ತವೆ.

ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ.ಕೆ. ಹೆಬ್ಬಾರರು ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಬಹಳಷ್ಟು ಚಿತ್ರಗಳನ್ನು ರಚಿಸಿದರು. ಅಂತಹ ತೈಲಚಿತ್ರವು ಹಾಳಾದರೆ ಅದನ್ನು ಪರಿಶೀಲಿಸುವ ಕ್ರಮ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಬಟ್ಟೆ, ತಳಪದರ, ಬಣ್ಣ ಮತ್ತು ವಾರ್ನಿಷ್ ಪದರಗಳು ಹೇಗೆ ವರ್ತಿಸುತ್ತವೆ ಎಂಬುದರ ಬಗ್ಗೆ ಶತಮಾನಗಳ ಅನುಭವವಿದೆ. ಗೋಣಿಬಟ್ಟೆ, ಫೆವಿಕಾಲ್, ಚಿಪ್ಪು ಮತ್ತು ತಂತಿ ಒಟ್ಟಿಗೆ ಸೇರಿದಾಗ ಆ ಅನುಭವ ಪೂರ್ತಿಯಾಗಿ ಒದಗಿಬರುವುದಿಲ್ಲ. ಒಂದು ವಸ್ತುವಿಗೆ ಹಿತವಾದ ಚಿಕಿತ್ಸೆಯು ಅದರ ಪಕ್ಕದ ವಸ್ತುವಿಗೆ ಅಪಾಯಕಾರಿಯಾಗಬಹುದು. ಬಟ್ಟೆಯ ಕಲೆಯನ್ನು ನೀರಿನಿಂದ ತೆಗೆಯಲು ಹೋದರೆ ತಂತಿ ತುಕ್ಕು ಹಿಡಿಯುತ್ತದೆ. ಹಳೆಯ ಅಂಟನ್ನು ಕರಗಿಸಲು ಥಿನ್ನರ್ ಹಚ್ಚಿದರೆ ಪಕ್ಕದ ಥರ್ಮೋಕೋಲ್ ಕರಗಿ ಹೋಗುತ್ತದೆ.

ಹೊಸತು ಮಾಡುವ ವಾಡಿಕೆ

ಈ ಮೂರು ತಾಲ್ಲೂಕುಗಳ ಜನರಿಗೆ ಮಿಶ್ರ ಮಾಧ್ಯಮದ ವಸ್ತು ಹೊಸದಲ್ಲ. ಬಡಗುತಿಟ್ಟು ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಹಗುರವಾದ ಮರ, ಬಟ್ಟೆ, ಬೇಗಡೆ, ಕನ್ನಡಿಚೂರು ಮತ್ತು ಬಣ್ಣಗಳಿಂದ ಕೂಡಿದವು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಮಂಕಾದ ಬೇಗಡೆಯನ್ನು ಕಿತ್ತು ಹೊಸದನ್ನು ಅಂಟಿಸುವುದು, ಮುರಿದ ತುಂಡನ್ನು ಬದಲಿಸುವುದು ನಡೆದುಬಂದ ಕ್ರಮ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಸೂತ್ರದ ಗೊಂಬೆಗಳೂ ಮರ, ಬಟ್ಟೆ, ಮಣಿ ಮತ್ತು ಬಣ್ಣಗಳ ಜೋಡಣೆಯೇ. ಆಡಿಸುವ ಗೊಂಬೆಯ ಉಡುಪು ಹರಿದರೆ ಹೊಸ ಉಡುಪು ತೊಡಿಸಲೇಬೇಕು. ಇಲ್ಲಿ ವಸ್ತುವಿಗಿಂತ ಆಟ ಮುಖ್ಯ. ಕಿರೀಟವನ್ನು ಹೊಸತು ಮಾಡುವವರು ಆ ವಿದ್ಯೆಯನ್ನು ಬಲ್ಲವರೇ ಆಗಿರುವುದರಿಂದ ರೂಪ ಕೆಡುವುದಿಲ್ಲ.

ಬ್ರಹ್ಮಾವರ ತಾಲ್ಲೂಕಿನ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಮರದ ಭೂತಮೂರ್ತಿಗಳ ವಿಷಯವನ್ನೂ ಇಲ್ಲಿ ನೆನೆಯಬಹುದು. ಅಲ್ಲಿ ಜೀರ್ಣವಾದ ಹಳೆಯ ಮೂರ್ತಿಗಳ ಸ್ಥಾನಕ್ಕೆ ಹೊಸ ಮೂರ್ತಿಗಳು ಬಂದವು. ಹಳೆಯವುಗಳಲ್ಲಿ ಹಲವು ನವದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಆರಾಧನೆಗೆ ಹೊಸತು ಬೇಕಾಯಿತು, ಅಧ್ಯಯನಕ್ಕೆ ಹಳೆಯದು ಉಳಿಯಿತು. ಎರಡೂ ಸಾಧ್ಯವಾದ ಇಂತಹ ಪ್ರಸಂಗಗಳು ವಿರಳ.

ತೊಂದರೆ ಬರುವುದು ಇದೇ ವಾಡಿಕೆಯನ್ನು ಆಧುನಿಕ ಕಲಾಕೃತಿಗೂ ಅನ್ವಯಿಸಿದಾಗ. ಶಾಲೆಯ ವಾರ್ಷಿಕೋತ್ಸವಕ್ಕೆ ಮುನ್ನ ಸುಣ್ಣಬಣ್ಣದ ಕೆಲಸ ನಡೆಯುವಾಗ ಗೋಡೆಯ ಉಬ್ಬುಚಿತ್ರಕ್ಕೂ ಎನಾಮೆಲ್ ಬಣ್ಣ ಬಳಿಯಲಾಗುತ್ತದೆ. ಚಾವಡಿಯಲ್ಲಿ ತೂಗುಹಾಕಿದ ಕೃತಿಯ ತುಕ್ಕುಹಿಡಿದ ತಗಡನ್ನು ಉಜ್ಜಿ ಹೊಳಪು ಬರಿಸಲಾಗುತ್ತದೆ. ಕಲಾವಿದರು ಆ ತುಕ್ಕನ್ನೇ ಬಯಸಿ ಹಳೆಯ ತಗಡನ್ನು ಆರಿಸಿಕೊಂಡಿರಬಹುದು ಎಂಬ ಯೋಚನೆ ಬರುವುದಿಲ್ಲ. ಯಕ್ಷಗಾನದ ಕಿರೀಟಕ್ಕೆ ಒಂದು ಪರಂಪರೆಯ ಮಾದರಿಯಿದೆ, ಅಳತೆಯಿದೆ, ಮತ್ತೆ ಮಾಡಬಲ್ಲ ಕೈಗಳಿವೆ. ಒಬ್ಬ ಕಲಾವಿದ ಒಮ್ಮೆ ಮಾತ್ರ ರಚಿಸಿದ ಕೃತಿಗೆ ಇವು ಯಾವುವೂ ಇಲ್ಲ. ಆದ್ದರಿಂದ ಇಂತಹ ಕೃತಿಯಲ್ಲಿ ಯಾವುದು ಹಾನಿ, ಯಾವುದು ಕಲಾವಿದರ ಉದ್ದೇಶ ಎಂಬುದನ್ನು ನಿಶ್ಚಯಿಸುವುದೇ ದುರಸ್ತಿಯ ಮೊದಲ ಹಂತವಾಗಿರುತ್ತದೆ.

ಕರಾವಳಿಯ ಹವೆಯಲ್ಲಿ ಆಗುವ ಹಾನಿ

ಈ ಭಾಗದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆ ಅವಧಿಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ದಿನಗಟ್ಟಲೆ ಶೇ. 85ನ್ನು ಮೀರಿರುತ್ತದೆ. ಬೂಷ್ಟು ಬೆಳೆಯಲು ಶೇ. 65ರಿಂದ 70 ಸಾಕು. ಇದರ ಜೊತೆಗೆ ಸಮುದ್ರದ ಗಾಳಿ ಉಪ್ಪಿನ ಕಣಗಳನ್ನು ತರುತ್ತದೆ. ಮರವಂತೆಯಂತೆ ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ ಇರುವ ಕಡೆಗಳಲ್ಲಿ ಇದರ ಪ್ರಭಾವ ಹೆಚ್ಚು.

ತೇವವು ಎಲ್ಲ ವಸ್ತುಗಳ ಮೇಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಮರ, ಕಾಗದ, ಗೋಣಿ, ಹಾಳೆಗಳು ತೇವ ಹೀರಿ ಹಿಗ್ಗುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಲೋಹ ಮತ್ತು ಗಾಜು ತೇವಕ್ಕೆ ಹಿಗ್ಗುವುದಿಲ್ಲ. ಈ ಎರಡನ್ನೂ ಅಂಟಿನಿಂದ ಬಂಧಿಸಿದಾಗ ಎಳೆದಾಟವೆಲ್ಲ ಅಂಟಿನ ಮೇಲೆ ಬೀಳುತ್ತದೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಚಿಪ್ಪುಗಳು ಉದುರುವುದು, ಬಣ್ಣದ ಪದರ ಹಕ್ಕಳೆ ಏಳುವುದು ಇದೇ ಕಾರಣದಿಂದ. ಉದುರಿದ ತುಂಡನ್ನು ಇನ್ನಷ್ಟು ಗಟ್ಟಿಯಾದ ಅಂಟಿನಿಂದ ಕೂಡಿಸಿದರೆ ಸಮಸ್ಯೆ ಪರಿಹಾರವಾಗುವುದಿಲ್ಲ. ಮುಂದಿನ ಬಾರಿ ಅಂಟು ಬಿಡುವ ಬದಲು ಚಿಪ್ಪೇ ಒಡೆಯುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಎಪಾಕ್ಸಿ ಮತ್ತು ತಕ್ಷಣ ಅಂಟುವ ಗೋಂದುಗಳನ್ನು ಯಾವುದೇ ಕಾರಣಕ್ಕೂ ಬಳಸಬಾರದು. ಸಂರಕ್ಷಣೆಯಲ್ಲಿ ಬಳಸುವ ಅಂಟು ಮೂಲ ವಸ್ತುವಿಗಿಂತ ದುರ್ಬಲವಾಗಿರಬೇಕು ಮತ್ತು ಮುಂದೊಂದು ದಿನ ಹಾನಿಯಿಲ್ಲದೆ ತೆಗೆಯಲು ಬರುವಂತಿರಬೇಕು ಎಂಬುದು ಮೂಲ ನಿಯಮ.

ಅಕ್ರಿಲಿಕ್ ಬಣ್ಣವು ಒಣಗಿದ ಮೇಲೂ ಪೂರ್ತಿ ಗಟ್ಟಿಯಾಗುವುದಿಲ್ಲ. ನಮ್ಮ ಸೆಕೆಯಲ್ಲಿ ಅದು ಮೆತ್ತಗಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣದೊಳಗಿನ ಕೆಲವು ಅಂಶಗಳು ನೀರಿನೊಂದಿಗೆ ಹೊರಬರುತ್ತವೆ. ವೃತ್ತಪತ್ರಿಕೆಯ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಸೆಲ್ಲೋಟೇಪಿನ ಅಂಟು ಕಾಲಕ್ರಮೇಣ ಕಾಗದದೊಳಗೆ ಇಳಿದು ಕಂದು ಕಲೆಯನ್ನು ಉಳಿಸುತ್ತದೆ. ಮೊಳೆಯ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಪ್ಲಾಸ್ಟರ್ ಸೀಳುತ್ತದೆ. ಉಪ್ಪು ತಗಲಿದ ತಾಮ್ರ, ಕಂಚುಗಳಲ್ಲಿ ತಿಳಿಹಸಿರು ಪುಡಿ ಕಾಣಿಸಿಕೊಂಡರೆ ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಬಾರದು. ಪೂಜಾ ಪಾತ್ರೆಗೆ ಸಲ್ಲುವ ಕ್ರಮ ಅದು, ಕಲಾಕೃತಿಗಲ್ಲ.

ಕುಂದಾಪುರವು ವ್ಯಂಗ್ಯಚಿತ್ರಕ್ಕೆ ಹೆಸರಾದ ಊರು. ಇಲ್ಲಿ ನಡೆದುಬಂದಿರುವ ಕಾರ್ಟೂನು ಹಬ್ಬದಂತಹ ಕಾರ್ಯಕ್ರಮಗಳಲ್ಲಿ ಸ್ಥಳದಲ್ಲೇ ಬಿಡಿಸಿಕೊಟ್ಟ ಚಿತ್ರಗಳು ಅನೇಕರ ಮನೆಯಲ್ಲಿರಬಹುದು. ಸ್ಕೆಚ್ ಪೆನ್ನಿನ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ, ಮತ್ತು ಮಾಸಿದ ಶಾಯಿಯನ್ನು ಮರಳಿ ತರುವ ವಿಧಾನವಿಲ್ಲ. ಇಂತಹ ಚಿತ್ರಗಳನ್ನು ಕಿಟಕಿಯ ಎದುರು ತೂಗುಹಾಕಬಾರದು. ಲ್ಯಾಮಿನೇಷನ್ ಮಾಡಿಸಲೂ ಬಾರದು. ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಧಕ್ಕೆಯಾಗದಂತೆ ಬಿಡಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಗಾಜಿನ ಪೆಟ್ಟಿಗೆ ರಕ್ಷಣೆಯೇ?

ಬೆಲೆಬಾಳುವ ಕೃತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಟ್ಟರೆ ಸಾಕು ಎಂಬ ನಂಬಿಕೆ ಸಾಮಾನ್ಯವಾಗಿದೆ. ಎಲ್ಲ ವಸ್ತುಗಳಿಗೂ ಇದು ಹೊಂದುವುದಿಲ್ಲ. ರಷ್ಯಾ ಮೂಲದ ಶಿಲ್ಪಿ ನೌಮ್ ಗಾಬೊ ಸೆಲ್ಯುಲೋಸ್‌ನಿಂದ ತಯಾರಾದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ರಚಿಸಿದ ಕೆಲವು ಶಿಲ್ಪಗಳು ವಸ್ತುಸಂಗ್ರಹಾಲಯಗಳ ಸುರಕ್ಷಿತ ವಾತಾವರಣದಲ್ಲಿದ್ದೂ ಬಾಗಿ, ಬಿರುಕುಬಿಟ್ಟು ನಾಶವಾದವು. ಆ ಪ್ಲಾಸ್ಟಿಕ್ ಹಳತಾಗುತ್ತ ಆಮ್ಲದ ಆವಿಯನ್ನು ಬಿಡುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಆವಿ ಅಲ್ಲೇ ನಿಂತು ನಾಶವನ್ನು ತ್ವರಿತಗೊಳಿಸುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಹೋಲುವ ಸಂಗತಿ ಚಿಪ್ಪಿನ ಕೆಲಸಗಳಲ್ಲಿ ಕಾಣುತ್ತದೆ. ಪ್ಲೈವುಡ್ ಹಾಗೂ ಅದರ ಅಂಟು ಸೂಕ್ಷ್ಮ ಪ್ರಮಾಣದಲ್ಲಿ ಆಮ್ಲೀಯ ಆವಿಗಳನ್ನು ಹೊರಸೂಸುತ್ತವೆ. ಚಿಪ್ಪು ಸುಣ್ಣದ ಅಂಶದಿಂದಾದುದು. ಮುಚ್ಚಿದ ಪೆಟ್ಟಿಗೆಯಲ್ಲಿ ಎರಡೂ ವರ್ಷಗಟ್ಟಲೆ ಕೂಡಿದ್ದರೆ ಚಿಪ್ಪಿನ ಮೇಲೆ ಬಿಳಿಯ ಪುಡಿ ಏಳುತ್ತದೆ. ಇದನ್ನು ಬೂಷ್ಟು ಎಂದು ತಿಳಿದು ಒರೆಸಿದರೆ ಚಿಪ್ಪಿನ ಮೇಲ್ಮೈಯೇ ಅಳಿಸಿಹೋಗುತ್ತದೆ. ಪೆಟ್ಟಿಗೆಗೆ ಹಿಂಬದಿಯಲ್ಲಿ ಸಣ್ಣ ಗಾಳಿಕಿಂಡಿಗಳಿರುವುದು, ಕಿಂಡಿಗೆ ತೆಳುಬಟ್ಟೆಯ ತಡೆ ಇರುವುದು ಒಳ್ಳೆಯದು. ಛಾಯಾಚಿತ್ರವಿರುವ ಕೃತಿಯಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಅಂತರ ಕಡ್ಡಾಯವಾಗಿ ಇರಬೇಕು. ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಂಡ ಛಾಯಾಚಿತ್ರವನ್ನು ಎಳೆದು ಬಿಡಿಸಲು ಪ್ರಯತ್ನಿಸಬಾರದು. ಚಿತ್ರವನ್ನು ಗಾಜಿನ ಸಮೇತ ಪರಿಣತರ ಬಳಿಗೆ ಒಯ್ಯತಕ್ಕದ್ದು.

ಮನೆಯಲ್ಲೇ ಕೈಗೊಳ್ಳಬಹುದಾದ ಕ್ರಮಗಳು

ಕೃತಿಯನ್ನು ಎಲ್ಲಿ ತೂಗುಹಾಕಲಾಗಿದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಪಡುದಿಕ್ಕಿನ ಮುರಕಲ್ಲಿನ ಗೋಡೆ ಮಳೆಯ ಎರಚಲಿಗೆ ನೇರವಾಗಿ ಒಡ್ಡಿಕೊಳ್ಳುತ್ತದೆ. ಹಿರಿಯರು ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ. ಕೃತಿಯನ್ನು ಮನೆಯ ಒಳಗೋಡೆಗೆ ತೂಗುಹಾಕಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗಳಲ್ಲಿ ಬಿರಡೆಯ ತುಂಡುಗಳನ್ನಿಟ್ಟು ಎರಡು ಸೆಂ.ಮೀ. ಅಂತರ ಬಿಡುವುದರಿಂದ ಹಿಂಬದಿಯಲ್ಲಿ ಗಾಳಿಯಾಡುತ್ತದೆ. ಈ ಒಂದು ಕ್ರಮದಿಂದ ತಪ್ಪುವ ಹಾನಿ ಸಣ್ಣದಲ್ಲ. ಹವಾನಿಯಂತ್ರಣ ಯಂತ್ರವಿರುವ ಕೋಣೆಯಲ್ಲಿ ಹಗಲು ಚಾಲೂ ಮಾಡಿ ರಾತ್ರಿ ನಿಲ್ಲಿಸುವುದಕ್ಕಿಂತ, ಯಂತ್ರವಿಲ್ಲದ ಗಾಳಿಯಾಡುವ ಕೋಣೆಯೇ ಮೇಲು. ಪದೇ ಪದೇ ಆಗುವ ಏರುಪೇರು ಸ್ಥಿರವಾದ ತೇವಕ್ಕಿಂತ ಕೆಡುಕು.

ಬೂಷ್ಟು ಕಂಡುಬಂದಲ್ಲಿ ಕೃತಿಯನ್ನು ಇತರ ವಸ್ತುಗಳಿಂದ ಬೇರ್ಪಡಿಸಿ, ನೆರಳಿರುವ, ಗಾಳಿಯಾಡುವ, ಒಣ ಕೋಣೆಯಲ್ಲಿ ಮಲಗಿಸಿ ಇಡಬೇಕು. ಫ್ಯಾನಿನ ಗಾಳಿ ನೇರವಾಗಿ ಬೀಳಬಾರದು. ಹಸಿಯಾಗಿರುವಾಗ ಒರೆಸಿದರೆ ಬೂಷ್ಟು ಬಣ್ಣದೊಳಗೆ ಮೆತ್ತಿಕೊಳ್ಳುತ್ತದೆ. ಮೂಗು-ಬಾಯಿಗೆ ಮಾಸ್ಕ್ ಧರಿಸುವುದು ಅವಶ್ಯ. ಮಳೆಗಾಲ ಕಳೆದ ಮೇಲೆ ಹಾಸಿಗೆ, ಪೆಟ್ಟಿಗೆ, ಸೀರೆಗಳನ್ನು ಬಿಸಿಲಿಗೆ ಹಾಕುವ ನಮ್ಮ ವಾಡಿಕೆಯನ್ನು ಕಲಾಕೃತಿಗೆ ಅನುಸರಿಸಕೂಡದು. ತೇವ ಹೀರಿದ ಹಲಗೆ ಒಂದೇ ಮಧ್ಯಾಹ್ನದ ಬಿಸಿಲಿಗೆ ಡೊಂಕಾಗಬಹುದು.

ಒರಲೆ ಹಿಡಿದಿದ್ದರೆ ಕೃತಿಯನ್ನು ಗೋಡೆಯಿಂದ ತೆಗೆದು, ಔಷಧೋಪಚಾರವನ್ನು ಗೋಡೆಗೆ ಮತ್ತು ನೆಲಕ್ಕೆ ಮಾತ್ರ ಮಾಡಿಸತಕ್ಕದ್ದು. ಕೃತಿಯ ಮೇಲೆ ಕೀಟನಾಶಕ, ಸೀಮೆಎಣ್ಣೆ ಸಿಂಪಡಿಸಬಾರದು. ದೋಣಿ, ತೊಲೆಗಳಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಮರವನ್ನು ಕಾಪಾಡುವುದು ನಿಜವಾದರೂ ಅದರ ಕಪ್ಪು ಕಲೆ ಹೋಗುವುದಿಲ್ಲ. ನುಸಿಗುಳಿಗೆಯ ಆವಿ ಥರ್ಮೋಕೋಲ್ ಹಾಗೂ ಕೆಲವು ಪ್ಲಾಸ್ಟಿಕ್‌ಗಳನ್ನು ಕೆಡಿಸುತ್ತದೆ.

ಕೃತಿಯಿಂದ ಉದುರಿದ ತುಂಡು ಎಷ್ಟೇ ಚಿಕ್ಕದಾಗಿದ್ದರೂ ಎಸೆಯಬಾರದು. ಅದನ್ನು ಕಾಗದದ ಲಕೋಟೆಯಲ್ಲಿಟ್ಟು, ದೊರೆತ ದಿನಾಂಕ ಮತ್ತು ಕೃತಿಯ ಯಾವ ಭಾಗದಿಂದ ಉದುರಿತು ಎಂಬುದನ್ನು ಮೇಲೆ ಬರೆದಿಡಬೇಕು. ಗುಡಿಸುವವರಿಗೂ ಈ ವಿಷಯ ತಿಳಿಸಿರುವುದು ಒಳ್ಳೆಯದು.

ಕಲಾವಿದರ ಅಭಿಪ್ರಾಯ

ಕಲಾವಿದರು ಜೀವಂತವಾಗಿದ್ದರೆ ದುರಸ್ತಿಗೆ ಮುನ್ನ ಅವರನ್ನು ಕೇಳುವುದು ಅತ್ಯವಶ್ಯ. ಬ್ರಿಟನ್ನಿನ ಡೇಮಿಯನ್ ಹರ್ಸ್ಟ್ 1991ರಲ್ಲಿ ದ್ರಾವಣದಲ್ಲಿ ಮುಳುಗಿಸಿಟ್ಟ ಶಾರ್ಕ್ ಮೀನಿನ ಕೃತಿಯನ್ನು ರಚಿಸಿದರು. ಆ ಮೀನು ಕೆಟ್ಟುಹೋದಾಗ 2006ರಲ್ಲಿ ಅದನ್ನು ಬದಲಿಸಿದ್ದು ಕಲಾವಿದರ ಒಪ್ಪಿಗೆಯೊಂದಿಗೇ. ತಮ್ಮ ಕೃತಿಯಲ್ಲಿ ಮುಖ್ಯವಾದುದು ಕಲ್ಪನೆಯೇ ಹೊರತು ಅದೇ ಮೀನಲ್ಲ ಎಂದು ಹೇಳಲು ಅವರು ಇದ್ದರು. ಅಮೆರಿಕದ ಇವಾ ಹೆಸ್ 1969ರಲ್ಲಿ ರಬ್ಬರ್ ಹಾಲು ಹಚ್ಚಿದ ಬಟ್ಟೆ ಮತ್ತು ಫೈಬರ್‌ಗ್ಲಾಸ್‌ನಿಂದ ಬೃಹತ್ ಕೃತಿಯೊಂದನ್ನು ರಚಿಸಿ, 1970ರಲ್ಲಿ 34ನೆಯ ವಯಸ್ಸಿನಲ್ಲಿ ನಿಧನರಾದರು. ಮೆತ್ತಗೆ ಇಳಿಬೀಳುತ್ತಿದ್ದ ರಬ್ಬರ್ ಕಾಲಕ್ರಮೇಣ ಕಂದಾಗಿ ಗಡುಸಾಯಿತು. ಅದನ್ನು ಹಾಗೆಯೇ ತೋರಿಸಬೇಕೆ, ಬದಲಿಸಬೇಕೆ ಎಂದು ಕೇಳಲು ಯಾರೂ ಉಳಿದಿರಲಿಲ್ಲ. ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯವು ದಶಕಗಳ ನಂತರ, ದೀರ್ಘ ಸಂರಕ್ಷಣಾ ಕಾರ್ಯದ ಬಳಿಕ 2022ರಲ್ಲಿ ಅದನ್ನು ಮತ್ತೆ ಪ್ರದರ್ಶನಕ್ಕಿಟ್ಟಿತು.

ನಮ್ಮ ತಾಲ್ಲೂಕುಗಳಲ್ಲಿ ಇಂತಹ ವಿಚಾರಣೆಗೆ ದೊಡ್ಡ ಸಿದ್ಧತೆ ಬೇಡ. ಕೃತಿಯನ್ನು ರಚಿಸಿದವರು ನೆರೆಯ ಶಾಲೆಯ ಚಿತ್ರಕಲಾ ಶಿಕ್ಷಕರೇ ಆಗಿರಬಹುದು, ನಿವೃತ್ತರಾಗಿ ಊರಿನಲ್ಲೇ ಇರಬಹುದು. ಯಾವ ಅಂಟು, ಯಾವ ಬಣ್ಣ ಬಳಸಿದಿರಿ. ಈ ತುಕ್ಕು ಮೊದಲೇ ಇತ್ತೇ. ಬಣ್ಣ ಮಾಸಿದರೆ ಅಡ್ಡಿಯಿಲ್ಲವೇ. ಹಾಳೆ ಮುರಿದರೆ ಬೇರೆ ಹಾಳೆ ಜೋಡಿಸಬಹುದೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು, ದಿನಾಂಕ ಹಾಕಿ, ಅವರ ಸಹಿ ಪಡೆದು ಕೃತಿಯ ದಾಖಲೆಯೊಂದಿಗೆ ಇಟ್ಟುಕೊಳ್ಳಬೇಕು. ಕಲಾವಿದರು ತಾವೇ ತಿದ್ದಿಕೊಡುತ್ತೇನೆಂದರೆ ತಿದ್ದುವ ಮೊದಲು ಛಾಯಾಚಿತ್ರ ತೆಗೆದಿರತಕ್ಕದ್ದು. ಮೂವತ್ತು ವರ್ಷಗಳ ಹಿಂದಿನ ತಮ್ಮ ಕೃತಿಯನ್ನು ಕಲಾವಿದರು ಇಂದಿನ ಕೈಯಿಂದ ತಿದ್ದಿದಾಗ ಅದು ಬೇರೆಯೇ ಕೃತಿಯಾಗುವುದುಂಟು.

ಕಾನೂನಿನ ಅಂಶಗಳು

ಕೃತಿಯನ್ನು ಹಣ ಕೊಟ್ಟು ಕೊಂಡ ಮಾತ್ರಕ್ಕೆ ಅದನ್ನು ಮನಬಂದಂತೆ ಬದಲಿಸುವ ಹಕ್ಕು ಮಾಲೀಕರಿಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 57ನೆಯ ಪ್ರಕರಣದ ಪ್ರಕಾರ, ತನ್ನ ಗೌರವಕ್ಕೆ ಚ್ಯುತಿ ತರುವ ರೀತಿಯಲ್ಲಿ ಕೃತಿಯನ್ನು ವಿಕೃತಗೊಳಿಸುವುದನ್ನು ತಡೆಯುವ ಮತ್ತು ನಷ್ಟಪರಿಹಾರ ಕೇಳುವ ಹಕ್ಕು, ಕೃತಿಸ್ವಾಮ್ಯವನ್ನು ಬೇರೆಯವರಿಗೆ ವಹಿಸಿಕೊಟ್ಟ ನಂತರವೂ ಕಲಾವಿದರಲ್ಲೇ ಉಳಿಯುತ್ತದೆ. ಅವರ ಕಾನೂನುಬದ್ಧ ಪ್ರತಿನಿಧಿಗಳೂ ಅದನ್ನು ಚಲಾಯಿಸಬಹುದು. ನವದೆಹಲಿಯ ವಿಜ್ಞಾನ ಭವನದಲ್ಲಿದ್ದ, ಶಿಲ್ಪಿ ಅಮರನಾಥ್ ಸೆಹಗಲ್ ರಚಿಸಿದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣದಲ್ಲಿ ಹಾಕಲಾಗಿತ್ತು. ಈ ಬಗ್ಗೆ 2005ರಲ್ಲಿ ತೀರ್ಪು ನೀಡಿದ ದೆಹಲಿ ಉಚ್ಚ ನ್ಯಾಯಾಲಯವು ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಲು ಮತ್ತು 5 ಲಕ್ಷ ರೂ. ಪರಿಹಾರ ನೀಡಲು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಕಟ್ಟಡ ನವೀಕರಣ ಕೈಗೊಳ್ಳುವ ಶಾಲಾಭಿವೃದ್ಧಿ ಸಮಿತಿಗಳು, ಪಂಚಾಯಿತಿಗಳು ಮತ್ತು ಸಹಕಾರ ಸಂಘಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದಡಿ ನೋಂದಣಿ ಬೇಕೇ ಎಂದು ವಿಚಾರಿಸುವವರಿದ್ದಾರೆ. ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುಗಳು ಪುರಾವಸ್ತುಗಳ ವ್ಯಾಪ್ತಿಗೆ ಬರುತ್ತವೆ. ಕೇಂದ್ರ ಸರ್ಕಾರವು ಕಲಾನಿಧಿ ಎಂದು ಘೋಷಿಸಿರುವುದು ರಾಜಾ ರವಿವರ್ಮ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್ ಮೊದಲಾದ ಕೆಲವೇ ಕಲಾವಿದರ ಕೃತಿಗಳನ್ನು. ಕಲಾವಿದರು ಜೀವಂತವಿರುವಾಗ ಅಂತಹ ಘೋಷಣೆ ಮಾಡಲು ಅವಕಾಶವಿಲ್ಲ. ಆದ್ದರಿಂದ ಇತ್ತೀಚಿನ ದಶಕಗಳ ಸ್ಥಳೀಯ ಕೃತಿಗಳಿಗೆ ಈ ನೋಂದಣಿ ಅನ್ವಯಿಸುವುದಿಲ್ಲ.

ಪರಿಣತರ ನೆರವು ಕೋರುವ ಬಗೆ

ಕೇಂದ್ರ ಸಂಸ್ಕೃತಿ ಸಚಿವಾಲಯದಡಿ ಲಕ್ನೋದಲ್ಲಿರುವ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತು ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯಕ್ಕೆ ಸೇರಿದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವು ಮೈಸೂರಿನಲ್ಲಿದೆ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯು ಕರ್ನಾಟಕ ಚಿತ್ರಕಲಾ ಪರಿಷತ್ತಿನೊಂದಿಗೆ ಸೇರಿ ಆರಂಭಿಸಿದ ಕಲಾ ಸಂರಕ್ಷಣಾ ಕೇಂದ್ರವಿದೆ. ಕೃತಿಯನ್ನು ನೇರವಾಗಿ ಹೊತ್ತೊಯ್ಯುವ ಬದಲು ಮೊದಲು ಪತ್ರ ಬರೆದು, ಕೃತಿಯನ್ನು ಸ್ವೀಕರಿಸುವರೇ, ತಗಲುವ ವೆಚ್ಚ ಮತ್ತು ಅವಧಿ ಎಷ್ಟು ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳತಕ್ಕದ್ದು.

ಪತ್ರದಲ್ಲಿ ಕಲಾವಿದರ ಹೆಸರು, ರಚನೆಯ ವರ್ಷ, ಸೆಂ.ಮೀ.ಗಳಲ್ಲಿ ಉದ್ದ-ಅಗಲ-ದಪ್ಪ, ಕಣ್ಣಿಗೆ ಕಾಣುವ ವಸ್ತುಗಳ ವಿವರ ಮತ್ತು ಕೃತಿ ಇದ್ದ ಜಾಗದ ವರ್ಣನೆ ಇರಬೇಕು. ಹಾನಿ ಯಾವಾಗ ಮೊದಲು ಕಂಡಿತು, ಈಗಲೂ ಹೆಚ್ಚುತ್ತಿದೆಯೇ ಎಂಬುದು ಅಗತ್ಯ. ಹಿಂದೆ ಮನೆಯಲ್ಲಿ ಏನಾದರೂ ಹಚ್ಚಿದ್ದರೆ ಮುಚ್ಚಿಡದೆ ತಿಳಿಸಬೇಕು. ವಾರ್ನಿಷ್ ಹಚ್ಚಿದ್ದು ಗೊತ್ತಿಲ್ಲದೆ ಆರಂಭಿಸಿದ ಚಿಕಿತ್ಸೆ ದಾರಿ ತಪ್ಪುತ್ತದೆ. ಛಾಯಾಚಿತ್ರಗಳು ಮುಂಬದಿಯದು ಮಾತ್ರವಲ್ಲ, ಹಿಂಬದಿಯದೂ ಬೇಕು. ಇನ್ನೊಂದು ಚಿತ್ರವನ್ನು ಕೋಣೆ ಕತ್ತಲು ಮಾಡಿ, ಒಂದು ಬದಿಯಿಂದ ಮಾತ್ರ ಟಾರ್ಚ್ ಬೆಳಕು ಬಿಟ್ಟು ತೆಗೆಯಬೇಕು. ಓರೆಬೆಳಕಿನಲ್ಲಿ ಹಕ್ಕಳೆ ಎದ್ದ ಭಾಗಗಳು ನೆರಳಿನಿಂದ ಎದ್ದು ಕಾಣುತ್ತವೆ.

ಒಪ್ಪಿಗೆ ದೊರೆತ ಮೇಲೆ ಸಾಗಣೆಯನ್ನು ಮಳೆಗಾಲ ಮುಗಿದ ನಂತರ ಇಟ್ಟುಕೊಳ್ಳುವುದು ಕ್ಷೇಮ. ಗುಳ್ಳೆಪ್ಲಾಸ್ಟಿಕ್ ಹೊದಿಕೆಯನ್ನು ಅಕ್ರಿಲಿಕ್ ಬಣ್ಣಕ್ಕೆ ತಾಗಿಸಿ ಸುತ್ತಬಾರದು; ಘಟ್ಟ ಹತ್ತುವ ಹೊತ್ತಿಗೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಮೂಡಿರುತ್ತದೆ. ಕೃತಿಯ ಮುಖಕ್ಕೆ ಏನೂ ತಾಗದಷ್ಟು ಆಳವಾದ ಮರದ ಪೆಟ್ಟಿಗೆಯೊಳಗೆ ಅದರ ಹಿಂಬದಿಯ ಚೌಕಟ್ಟನ್ನು ಸ್ಕ್ರೂಗಳಿಂದ ಭದ್ರಪಡಿಸಿ, ಸಡಿಲವಾದ ಭಾಗಗಳಿದ್ದಲ್ಲಿ ಮಲಗಿಸಿ ಒಯ್ಯಬೇಕು. ಉದುರಿದ ತುಂಡುಗಳ ಲಕೋಟೆಗಳನ್ನು ಆ ಪೆಟ್ಟಿಗೆಯಲ್ಲಿ ಹಾಕದೆ ಕೈಯಲ್ಲೇ ಒಯ್ಯತಕ್ಕದ್ದು. ಕೃತಿಯನ್ನು ಒಪ್ಪಿಸುವಾಗ ಅದರ ಸದ್ಯದ ಸ್ಥಿತಿಯನ್ನು ವಿವರಿಸುವ ಹಾಳೆಗೆ ಇಬ್ಬರ ಸಹಿಯಾಗಿ ಒಂದು ಪ್ರತಿ ಮಾಲೀಕರ ಬಳಿ ಉಳಿಯಬೇಕು. ಮರಳಿ ಪಡೆಯುವಾಗ ಬಳಸಿದ ಅಂಟು, ಬಣ್ಣ ಮತ್ತು ದ್ರಾವಣಗಳ ಹೆಸರಿರುವ ಚಿಕಿತ್ಸಾ ವರದಿಯನ್ನು ಕೇಳಿ ಪಡೆದು, ಅದರ ನಕಲನ್ನು ಲಕೋಟೆಯಲ್ಲಿ ಹಾಕಿ ಚೌಕಟ್ಟಿನ ಹಿಂಬದಿಯ ಮರಕ್ಕೆ, ಕೃತಿಗೆ ತಾಗದಂತೆ, ಕಟ್ಟಿಡತಕ್ಕದ್ದು.